ಕುಂದು ಎಲ್ಲಿಡುವುದು

ರುಸ್ತಾವಿಯ ಕಾರುಸಂತೆಗೆ ಬೆಳಿಗ್ಗೆ ಏಳಕ್ಕೇ ಬಂದೆವು,
ನಾನು, ಮೇಲ್ಮನೆಯ ಜಾವುರ್.
ಮೂವತ್ತು ವರ್ಷ ಟ್ರಾಲಿಬಸ್ ಓಡಿಸಿದವನು;
ಜೇಬಿನಲ್ಲಿ ಅಯಸ್ಕಾಂತ, ಕೈಯಲ್ಲಿ ಟಾರ್ಚು.
ನನ್ನ ಹತ್ತಿರ ಎಂಟು ಸಾವಿರ ಲಾರಿ
(ಲಾರಿ ಎಂದರೆ ನಮ್ಮ ರೊಕ್ಕ),
ಹೊಟ್ಟೆಬಟ್ಟೆ ಕಟ್ಟಿ ಕೂಡಿಸಿದ್ದು,
ಪಿಯಾನೋ ಸುತ್ತಿಗೆಗೆ ಹೊದಿಸಿ ಮಿಕ್ಕ ಫೆಲ್ಟಿನ ಚೀಲದಲ್ಲಿ.

ಇಪ್ಪತ್ತೆರಡು ವರ್ಷ ಬಾಡಿಗೆ ವ್ಯಾನುಗಳಲ್ಲಿ
ತೊಡೆಯ ಮೇಲೆ ಹತ್ತು ಕಿಲೋ ಹತ್ಯಾರ ಹೊತ್ತು
ಕಖೇತಿಯ ಶಾಲೆ ಶಾಲೆಗೂ ಹೋಗಿ ಶ್ರುತಿ ಕೂಡಿಸಿದೆ.
ಈಗ ಮಂಡಿ ನನ್ನ ಮಾತು ಕೇಳುತ್ತಿಲ್ಲ.

ಸಾಲು ಸಾಲು ಕಾರು. ಅಮೆರಿಕದಲ್ಲಿ ಗುದ್ದಿಕೊಂಡು, ಹಡಗೇರಿ ಬಂದು,
ಇಲ್ಲಿ ಮೂಗು ನೆಟ್ಟಗೆ ಮಾಡಿಸಿಕೊಂಡವು.
ಜರ್ಮನಿಯ ಹಿಮರಸ್ತೆಯಲ್ಲಿ ಉಪ್ಪು ತಿಂದವು;
ಉಪ್ಪು ತಿಂದದ್ದು ತುಕ್ಕು ಕುಡಿಯಲೇಬೇಕಲ್ಲ.

ಮೊದಲು ಕೆಂಪು ಯಾರಿಸ್. ಮೀಟರಿನಲ್ಲಿ ಎಂಬತ್ತು ಸಾವಿರ;
ಪೆಡಲಿನ ರಬ್ಬರು ಮಾತ್ರ ಸವೆದು ಸವೆದು
ಅಜ್ಜಿಯ ಅಂಗಾಲು.
ಜಾವುರ್ ಜ್ವರ ನೋಡುವವನ ಹಾಗೆ
ಬಾನೆಟ್ಟಿನ ಮೇಲೆ ಅಂಗೈಯಿಟ್ಟ.
"ನಾವು ಬರುವ ಮುಂಚೆಯೇ ಬಿಸಿ.
ತಣ್ಣಗಿದ್ದು ಏಳುವಾಗ ಏನೋ ಗೊಣಗುತ್ತದೆ ಇದು;
ನಮಗೆ ಕೇಳಬಾರದೆಂದು ಎಬ್ಬಿಸಿ ಮತ್ತೆ ಮಲಗಿಸಿದ್ದಾರೆ."

ಆಮೇಲೆ ಬೆಳ್ಳಿಬಣ್ಣದ ಹೊಂಡಾ ಫಿಟ್.
ಎಲ್ಲ ಮಗ್ಗುಲಿಗೂ ಅಯಸ್ಕಾಂತ ಗಟ್ಟಿ ಕಚ್ಚಿತು.
ಜಾವುರ್ ಮೆತ್ತಗಾಗಿದ್ದ. ನಾನೂ ಚೀಲ ಮುಟ್ಟಿಕೊಂಡೆ.
ಆದರೆ ಕನ್ನಡಿಗೆ ನಿಂಬೆ ಸೆಂಟಿನ ಬಿಲ್ಲೆ, ಒಂದಲ್ಲ, ನಾಲ್ಕು.
ನಾಲ್ಕು ಯಾಕಪ್ಪಾ ಎಂದರೆ
ಮಾರುವ ಹುಡುಗ ಗೋಚಾ ಬೂಟು ನೋಡಿಕೊಂಡ.
ಬಗ್ಗಿ ಮೂಸಿದೆ. ಆ ವಾಸನೆ ನನಗೆ ಗೊತ್ತು:
ನೀರು ನುಗ್ಗಿದ ಶಾಲೆಯೊಂದರಲ್ಲಿ
ಮೈಯೆಲ್ಲ ಪಾಲಿಶು ಹೊಳೆಯುತ್ತಿದ್ದ ಪಿಯಾನೋ,
ಮುಚ್ಚಳ ಎತ್ತಿದರೆ ಒಳಗೆ ಬೂಸ್ಟು ಹಿಡಿದ ಉಸಿರು.
ಸೀಟಿನ ಹಳಿಯಡಿ ಬೆರಳಾಡಿಸಿದೆ.
ನುಣ್ಣನೆ ಕೆಸರು, ಯಾವ ದೇಶದ ಹೊಳೆಯದೋ.

ಮಧ್ಯಾಹ್ನ ಸಂತೆಯ ಕೊನೆ, ಚೀಸ್‌ರೊಟ್ಟಿ ಗಾಡಿಯ ಹಿಂದೆ,
ಬೂದು ಫಿಟ್. ಹದಿನಾರು ವರ್ಷದ್ದು. ಒಂದು ಬಾಗಿಲು ಮಾತ್ರ ನೀಲಿ.
ಪಶುವೈದ್ಯೆ ಲಮಾರಾ ಕೇಳುವ ಮುಂಚೆಯೇ ಒದರಿದಳು:
"ಏಸಿ ಸತ್ತಿದೆ.
ಹಿಂದಿನ ಎಡಗಿಟಕಿ ಇಳಿದರೆ ಏರದು, ಇಳಿಸಲೇಬೇಡಿ.
ನೀಲಿ ಬಾಗಿಲು ಎಮ್ಮೆಯೊಂದರ ಕೊಡುಗೆ."
ಎಣ್ಣೆ ಬದಲಿಸಿದ ಚೀಟಿಗಳ ಕಂತೆ ಕೊಟ್ಟಳು, ಅಯೋಡಿನ್ ಕಲೆಗಳ ಸಮೇತ.

ಬಾನೆಟ್ಟು ಕಲ್ಲಿನಷ್ಟು ತಣ್ಣಗಿತ್ತು.
ಕೀಲಿ ತಿರುಗಿಸಿದಳು. ನಾನು ಕಣ್ಣು ಮುಚ್ಚಿದೆ.
ಟಿಕ್ ಟಿಕ್, ಕೈಚೀಲದಲ್ಲಿ ಮರೆತ ಗಡಿಯಾರದಂತೆ.
"ಕವಾಟದ ಸಂದು," ಎಂದ ಜಾವುರ್, "ನೂರು ಲಾರಿಯ ಕೆಲಸ."
ನಾಲ್ಕು ಸಿಲಿಂಡರೂ ತಾಳ ಬಿಡಲಿಲ್ಲ.

ಇದನ್ನು ಜಾವುರ್‌ಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ:
ಪಿಯಾನೋದಲ್ಲಿ ಪೂರ್ತಿ ಶುದ್ಧ ಶ್ರುತಿ ಎಂಬುದೇ ಇಲ್ಲ.
ಒಂದು ಕಡೆ ಸರಿ ಮಾಡಿದ್ದು ಇನ್ನೊಂದು ಕಡೆ ಕಿರುಚುತ್ತದೆ.
ಉಳಿಯುವ ಆ ಚೂರು ತಪ್ಪನ್ನು
ಎಂಬತ್ತೆಂಟು ಮನೆಗೂ ಹಂಚಬೇಕು,
ಯಾವ ಮನೆಗೂ ಹೊರೆಯಾಗದಂತೆ.
ಅಷ್ಟೇ ನನ್ನ ವಿದ್ಯೆ.
ಈ ಕಾರಿನ ಕುಂದು ಬಾಗಿಲಿಗೆ, ಗಿಟಕಿಗೆ, ತಂಗಾಳಿಗೆ ಹಂಚಿಹೋಗಿತ್ತು.
ಎದೆಗೆ ಬಂದಿರಲಿಲ್ಲ.

ಎಂಟೂ ಮುನ್ನೂರು ಅಂದಳು. ಏಳೂವರೆ ಅಂದೆ.
ಅವಳ ಮಗಳ ಪಿಯಾನೋ ಎರಡು ಸಲ ಬಿಟ್ಟಿ ಶ್ರುತಿಮಾಡುವ ಮಾತಿಗೆ
ಏಳೂ ಒಂಬೈನೂರಕ್ಕೆ ನಿಂತಿತು.
ಮಿಕ್ಕ ನೂರು, ಕವಾಟಕ್ಕೆ.

ಲೈಸೆನ್ಸು ಬಂದದ್ದು ನನ್ನ ಐವತ್ತಮೂರಕ್ಕೆ. ಸ್ಟೀರಿಂಗು ಬೆವರಿತು.
ಮುಂದೆ ಕೂತರೆ ಕಾಲು ತಾನಾಗಿ ಬ್ರೇಕು ಹುಡುಕುತ್ತದೆಂದು
ಜಾವುರ್ ಹಿಂದೆ ಕೂತ.
ಸೇತುವೆ ದಾಟುವಾಗ ಸಿಗರೇಟು ಹಚ್ಚಿ,
ಮರೆತು,
ಎಡಗಿಟಕಿ ಇಳಿಸಿಬಿಟ್ಟ.