ಯಾರಿಗೆ ಕಂಡುಬಂದಿದೆ?

ಡರ್ಬನ್ನಿನ ಈ ಮೂರನೆಯ ಮಹಡಿಯಲ್ಲಿ
ಒಬ್ಬೊಬ್ಬರಿಗೆ ಇಪ್ಪತ್ತೇ ನಿಮಿಷ.
ಬಾಗಿಲ ಮೇಲೆ ನನ್ನ ಹೆಸರು: ಎಸ್. ಪಾತರ್, ಪ್ರಬಂಧ ಸಲಹೆ.
ಕಿಟಕಿಯಾಚೆ ಬಂದರಿನ ಕ್ರೇನುಗಳು
ಯಾರನ್ನೋ ಕಾಯುವಂತೆ ಕತ್ತು ಚಾಚಿ ನಿಂತಿವೆ.

ಹ್ಲೆಂಗಿವೆ ಬಂದದ್ದು ರಾತ್ರಿ ಪಾಳಿ ಮುಗಿಸಿ,
ನಲವತ್ತಾರರ ನರ್ಸು, ಬಿಳಿ ಬೂಟಿನಲ್ಲೇ.
ಮೈಗೆ ಆಸ್ಪತ್ರೆಯ ಸೋಪಿನ ವಾಸನೆ,
ಕೈಯಲ್ಲಿ ಒಂಬತ್ತು ಹಾಳೆ,
ಚೀಲದಲ್ಲಿ ಅರ್ಧ ತಿಂದ ಜೋಳದ ತೆನೆ.

ಓದಿದೆ.
ವಿದ್ಯುತ್ ವ್ಯತ್ಯಯದಿಂದ ಸೇವೆಗೆ ಅಡ್ಡಿಯಾಗುವುದು ಕಂಡುಬಂದಿದೆ.
ಸಿಬ್ಬಂದಿಯ ಕೊರತೆಯನ್ನು ಗಮನಿಸಲಾಗಿದೆ.
ಹೀಗೆಂದು ಹೇಳಬಹುದಾಗಿದೆ. ಹಾಗೆಂದು ಭಾವಿಸಬಹುದಾಗಿದೆ.
ಹುಡುಕಿದರೆ ಒಂದು ಅಲ್ಪವಿರಾಮವೂ ತಪ್ಪಿಲ್ಲ.
ಇಸ್ತ್ರಿ ಮಾಡಿ ಮಡಚಿಟ್ಟ ಇಂಗ್ಲಿಷು,
ತೊಟ್ಟವರ ಬೆವರಿಲ್ಲ ಎಲ್ಲೂ.

"ಕಂಡುಬಂದಿದೆ ಅಂದರೆ, ಯಾರಿಗೆ?"
ಅವಳು ಗಾಬರಿಯಲ್ಲಿ ಹಾಳೆ ತಿರುವಿದಳು,
ಯಾವುದೋ ಉಲ್ಲೇಖ ಬಿಟ್ಟುಹೋಗಿದೆ ಎಂಬಂತೆ.

ಆಮೇಲೆ ಹೇಳಿದಳು, ನನಗಲ್ಲ, ಮೇಜಿಗೆ.
ಕರೆಂಟು ಹೋಯಿತು.
ಜನರೇಟರು ಎರಡು ಸಲ ಕೆಮ್ಮಿ ಸುಮ್ಮನಾಯಿತು.
ಏಳನೇ ತಿಂಗಳಿಗೇ ಹುಟ್ಟಿದ ಕೂಸು, ಹೆಸರಿನ್ನೂ ಇಲ್ಲ.
ಮೂಗು ಬಾಯಿಗೆ ರಬ್ಬರಿನ ಚೀಲ ಹಿಡಿದು
ಕೈಯಲ್ಲೇ ಉಸಿರು ಹಾಕಿದೆ.
ಒತ್ತು, ಬಿಡು, ಬಿಡು. ಒತ್ತು, ಬಿಡು, ಬಿಡು.
ನಲವತ್ತು ನಿಮಿಷ.
ಎಣಿಕೆ ತಪ್ಪಬಾರದಲ್ಲ, ಅದಕ್ಕೇ ಜುಲುವಿನಲ್ಲೇ ಎಣಿಸಿದೆ.
ಈ ಹೆಬ್ಬೆರಳು ಇವತ್ತಿಗೂ ಪೂರಾ ಮಡಚಲ್ಲ, ನೋಡಿ.

"ಇದು ಯಾವ ಪುಟದಲ್ಲಿದೆ?"
"ಇಂಥದ್ದನ್ನೆಲ್ಲ ಹಾಕುತ್ತಾರಾ?"

"'ನಾನು' ಅಂತ ಬರೆಯಿರಿ" ಅಂದೆ.
ನಕ್ಕಳು. ಈ ಇಂಗ್ಲಿಷಿನ ನಾನು ಇದೆಯಲ್ಲ,
ನಡುರಸ್ತೆಯ ದೀಪದ ಕಂಬ,
ಒಂಟಿ, ನೆಟ್ಟಗೆ, ಯಾವಾಗಲೂ ದೊಡ್ಡಕ್ಷರ.
ನಮ್ಮಲ್ಲಿ ಅದು ಮೂಗಿನಲ್ಲಾಡುವ ಸಣ್ಣ ಶಬ್ದ,
ಕ್ರಿಯಾಪದದ ಮುಂದಲೆಗೆ ಅಂಟಿಕೊಂಡೇ ಹುಟ್ಟುತ್ತೆ,
ಮಾಡಿದ ಕೆಲಸ ಜೊತೆಗಿಲ್ಲದೆ ಬಾಗಿಲಾಚೆ ಹೋಗಲ್ಲ.
ಒಂಟಿಯಾಗಿ ನಿಲ್ಲೋದೂ ಒಂದಿದೆ.
ಅದನ್ನ ಜಗಳಕ್ಕೆ ಮಾತ್ರ ಇಟ್ಟುಕೊಂಡಿದ್ದೇವೆ.

ಇಪ್ಪತ್ತು ನಿಮಿಷ ಎಂದೋ ಮುಗಿದಿತ್ತು.
ಹೊರಗೆ ಯಾರೋ ಕೆಮ್ಮಿದರು.

ಅವಳು ಹೋದ ಮೇಲೆ
ಕಪಾಟಿನ ತಳದಿಂದ ನನ್ನದೇ ಮಹಾಪ್ರಬಂಧ ತೆಗೆದೆ.
ಕಬ್ಬಿನ ತೋಟದ ಕೂಲಿಗಳು, ಇನ್ನೂರ ಹದಿನಾಲ್ಕು ಪುಟ.
ಎಪ್ಪತ್ತೊಂದನೆಯದರಲ್ಲಿ, ಸಣ್ಣಕ್ಷರದ ಅಡಿಟಿಪ್ಪಣಿ:
ವೃದ್ಧ ಕಾರ್ಮಿಕಳೊಬ್ಬಳಿಂದ ಮಾಹಿತಿ ಪಡೆಯಲಾಗಿದೆ.
ಆ ಮಾಹಿತಿ ನನಗೆ ಅನ್ನ ಕಲಸಿ ಕೊಡುತ್ತಿತ್ತು.
ನಮ್ಮಜ್ಜಿ. ಮುನಿಯಮ್ಮ.
ಎಡಗೈಯಲ್ಲಿ ಮೂರೇ ಬೆರಳು.
ಯಾಕೆ ಎಂದು ಎಪ್ಪತ್ತೊಂದನೇ ಪುಟಕ್ಕೆ ಗೊತ್ತಿಲ್ಲ.

ಎರಡು ವಾರ ಬಿಟ್ಟು ಹ್ಲೆಂಗಿವೆ ಮತ್ತೆ ಬಂದಳು.
ಕಂಡುಬಂದಿದೆಗಳು ಇನ್ನೂ ಇದ್ದವು, ಬೇಕಾದ ಕಡೆ.
ಅಂಕಿಅಂಶ, ಆಧಾರ, ಎಲ್ಲ ತಮ್ಮ ತಮ್ಮ ಜಾಗದಲ್ಲಿ.
ನಾಲ್ಕನೇ ಪುಟದ ನಡುವೆ, ಮುನ್ಸೂಚನೆಯೇ ಇಲ್ಲದೆ,
ಒಂದು ಪುಟ್ಟ ಸಾಲು:
ಆ ನಲವತ್ತು ನಿಮಿಷ ಎಣಿಸಿದವಳು ನಾನು.
ಮತ್ತೆ ವಾದ ಮುಂದುವರಿದಿತ್ತು,
ದನಿ ಮಾತ್ರ ಬೇರೆ. ಕತ್ತಲಲ್ಲಿ ನಡೆದವರಿಗೆ
ಕಾಲಡಿಯ ನೆಲ ಸಿಕ್ಕ ಹಾಗೆ.

ಐವತ್ತೆಂಟು ಬಂತು. ಮೌಲ್ಯಮಾಪಕರು ಆ ಸಾಲಿಗೆ ಗೀಟೆಳೆದು
ಪಕ್ಕದಲ್ಲಿ ಬರೆದಿದ್ದರು: ತೀರಾ ವೈಯಕ್ತಿಕ.
ಅವಳು ಫೋನಿನಲ್ಲಿ ಓದಿ ಹೇಳಿದಳು, ವಾರ್ಡಿನಿಂದ,
ಹಿಂದೆ ಯಾವುದೋ ಕೂಸು ಅಳುತ್ತಿತ್ತು.
"ಮತ್ತೆ, ತೆಗೆಯುತ್ತೀರಾ?"
ಉತ್ತರಕ್ಕೆ ಜುಲುವಿನಲ್ಲಿ ಒಂದೇ ಪದ.
ಜಗಳಕ್ಕೆಂದು ಇಟ್ಟುಕೊಂಡಿದ್ದ ಆ ನಾನು.

ವಾರದ ವರದಿಯಲ್ಲಿ ನಾನು ತುಂಬಿದೆ: ಸಲಹೆ ನೀಡಲಾಯಿತು.
ಯಾರು ಯಾರಿಗೆ ಎಂದು ಕೇಳುವ ಕಾಲಮ್ಮು
ಆ ನಮೂನೆಯಲ್ಲಿಲ್ಲ.