ಹದಿನೇಳನೆಯ ಗೇಟು

ನಾನು ಬಾಗಿಲು ಮುಚ್ಚುವವನು.
ಹೇಳಿಕೊಳ್ಳುವಂಥ ಕಸುಬೇನಲ್ಲ.
ಕೈಯಲ್ಲೊಂದು ಸ್ಕ್ಯಾನರು, ಕೊರಳಿಗೆ ಕಂಪನಿಯ ಟೈ,
ವಿಮಾನ ಹೊರಡಲು ಇಪ್ಪತ್ತು ನಿಮಿಷವಿದೆ ಎನ್ನುವಾಗ
ಕೀಲಿ ತಿರುಗಿಸಬೇಕು, ಅಷ್ಟೆ.
ಆಮೇಲೆ ಬಂದವರು ಗಾಜು ಬಡಿಯುತ್ತಾರೆ.
ಗಾಜಿನಾಚೆಯ ಬೈಗುಳಕ್ಕೆ ಸದ್ದಿರುವುದಿಲ್ಲ.

ಅಡಿಸ್ ಅಬಾಬದಲ್ಲಿ ರಾತ್ರಿಯೆಂದರೆ
ಅರ್ಧ ಆಫ್ರಿಕಾ ಒಂದು ವಿಮಾನದಿಂದಿಳಿದು
ಇನ್ನೊಂದಕ್ಕೆ ಹತ್ತುವ ಹೊತ್ತು.
ಲೋಮೆಯಿಂದ ಗ್ವಾಂಗ್‌ಝೌಗೆ ಬಟ್ಟೆ ತರಲು ಹೊರಟ ಹೆಂಗಸರು
ಖಾಲಿ ಸೂಟ್‌ಕೇಸಿನೊಳಗೆ ಇನ್ನೊಂದು ಖಾಲಿ ಸೂಟ್‌ಕೇಸು ಇಟ್ಟುಕೊಂಡು;
ಬೈರುತ್‌ಗೆ ಮನೆಗೆಲಸಕ್ಕೆ ಹೊರಟ ಹುಡುಗಿಯರು,
ಏಜೆಂಟು ಕೊಟ್ಟ ಒಂದೇ ಬಣ್ಣದ ಟೋಪಿ ಹಾಕಿ,
ಮಾತಿಲ್ಲದೆ.

ಎದುರು ಗೋಡೆಯಲ್ಲಿ ಮೂರಾಳೆತ್ತರದ ಓಟಗಾರ್ತಿ.
ಎದೆಯ ಮೇಲೆ ನಮ್ಮ ಕಂಪನಿಯ ಹೆಸರು.
ಕಾಲು ನೆಲ ಮುಟ್ಟಿಲ್ಲ.
ಎರಡು ವರ್ಷದಿಂದ ಗಾಳಿಯಲ್ಲೇ ಇದ್ದಾಳೆ.

ಗದಿಸೆ ಅವಳ ಕೆಳಗೇ ಕೂರುವುದು,
ಗಾಲಿಕುರ್ಚಿಗಳ ಸಾಲಿನ ಪಕ್ಕ.
ಬೆಕೊಜಿಯವಳು. ಕಂಪನಿ ಕಾಸು ಹಾಕಿ ನಡೆಸಿದ ಓಟದಲ್ಲಿ
ಹನ್ನೊಂದನೆಯವಳಾಗಿ ಬಂದಳಂತೆ.
ಹತ್ತು ಜನಕ್ಕೆ ಯುರೋಪಿನ ಟಿಕೆಟ್ಟು, ಶೂಸು, ಫೋಟೊ.
ಹನ್ನೊಂದನೆಯವಳಿಗೆ ಒಂದು ಬಾಟ್ಲಿ ನೀರು, ಒಂದು ಟೀ ಶರ್ಟು,
ಆಮೇಲೆ ಯಾರದೋ ಕೈಕಾಲು ಹಿಡಿದು ಈ ಕೆಲಸ.
ಅವಳಾಗಿ ಹೇಳಿದ್ದಲ್ಲ.
ಆ ಟೀ ಶರ್ಟು ತೊಟ್ಟು ಕ್ಯಾಂಟೀನಿಗೆ ಬಂದ ದಿನ
ನಾನೇ ಕೆದಕಿದ್ದು.

ಅವತ್ತು ಮುನ್ನೂರ ಆರು ತಲೆ ಒಳಗೆ,
ಪಟ್ಟಿಯಲ್ಲಿ ಮುನ್ನೂರ ಏಳು.
ಸಿಗದ ಒಬ್ಬರು, ದೆಸ್ಸಿಯೆಯ ಯೆಷಾರೆಗ್ ಅಜ್ಜಿ,
ಮೂರನೆಯ ಗೇಟಿನ ಕಾಫಿಯಂಗಡಿಯಲ್ಲಿ ಹಾಯಾಗಿ ಕೂತಿದ್ದರು.
ಸೊಸೆ ಸ್ಟಾಕ್‌ಹೋಮಿನಿಂದ ಬರೆಸಿದ ಚೀಟಿಯಲ್ಲಿ ಹತ್ತೂ ನಲವತ್ತು.
ಅಜ್ಜಿಯ ಗಡಿಯಾರದಲ್ಲಿ ನಾಲ್ಕೂ ಹದಿನೆಂಟು.
ತಪ್ಪೇನಿಲ್ಲ. ನಮ್ಮಲ್ಲಿ ಎಣಿಕೆ ಶುರುವಾಗುವುದು
ಬೆಳಕು ಹರಿದ ಮೇಲೆ, ಕತ್ತಲಾದ ಮೇಲೆ.
ಲೋಕದ ಏಳು ನಮಗೆ ಒಂದು.
"ಇನ್ನೂ ಆರು ತಾಸಿದೆ ಮಗಳೇ, ನೀನೂ ಕಾಫಿ ಕುಡಿ"
ಎಂದರಂತೆ ಗದಿಸೆಗೆ.

ನಾನು ನೋಡಿದ್ದು ಅಲ್ಲಿಂದ ಮುಂದೆ.
ಕೀಲಿ ಕೈಯಲ್ಲಿತ್ತು.
ಪ್ರಯಾಣಿಕರನ್ನು ಕೂರಿಸಿಕೊಂಡು ಓಡತಕ್ಕದ್ದಲ್ಲ,
ನಿಯಮವಿದೆ, ಸಹಿ ಹಾಕಿಸಿಕೊಂಡಿದ್ದಾರೆ.
ಮೊದಲು ಕೇಳಿದ್ದು ಎಡಗಾಲಿಯ ಕಿರುಚು.
ಆಮೇಲೆ ಸುಗಂಧದ ಅಂಗಡಿಯ ತಿರುವಿನಲ್ಲಿ
ಬಾವುಟದ ಹಾಗೆ ಅಜ್ಜಿಯ ಬಿಳಿ ನೆತೆಲಾ,
ತೊಡೆಯ ಮೇಲೆ ಬೆರ್ಬೆರೆ ಖಾರದ ಡಬ್ಬಿ,
ಎರಡು ಕೈಯಲ್ಲೂ ತಬ್ಬಿ ಹಿಡಿದು
ಮರಿಯಮಾ ಮರಿಯಮಾ ಎನ್ನುತ್ತ,
ಹೆದರಿ ಅಂದುಕೊಂಡೆ. ಹತ್ತಿರ ಬಂದಾಗ ನೋಡಿದರೆ
ಬಾಯಿ ತುಂಬ ನಗು.
ಹಿಂದೆ ಗದಿಸೆ.
ಭುಜ ಅಲುಗದು. ತಲೆ ಅಲುಗದು.
ಸೊಂಟದ ಕೆಳಗಷ್ಟೇ ಓಟವಿತ್ತು,
ಮೇಲೆ ಬೇರೆ ಯಾರೋ ಸುಮ್ಮನೆ ನಿಂತಂತೆ.
ಟೋಪಿಯ ಹುಡುಗಿಯರು ದಾರಿ ಬಿಟ್ಟು ಎದ್ದರು,
ಒಬ್ಬಳು ಚಪ್ಪಾಳೆ ತಟ್ಟಿದಳು, ಆಮೇಲೆ ಎಲ್ಲರೂ.

ಕೀಲಿ ಸಿಗುತ್ತಿಲ್ಲವೆಂದು ಜೇಬು ತಡಕಿದೆ.
ಮೂರು ನಿಮಿಷ ತಡಕಿದೆ.

ತಡವಾದರೆ ಕಾರಣದ ಅಂಕಿ ಬರೆಯಬೇಕು.
ಮಂಜಿಗೊಂದು, ಇಂಧನಕ್ಕೊಂದು,
ಊಟದ ಗಾಡಿ ಬಾರದ್ದಕ್ಕೊಂದು,
ಪೈಲಟ್ಟಿಗೆ ಹೊಟ್ಟೆನೋವಾದರೆ ಅದಕ್ಕೂ ಒಂದುಂಟು.
ಸೂಪರ್‌ವೈಸರ್ ದೆಮಿಸ್ಸೆ ಬೆಳಿಗ್ಗೆ ಕೇಳಿದರು.
ಮಂಜು ಎಂದು ಬರೆದಿದ್ದೆ.
ನಕ್ಷತ್ರ ಉದುರುವಂತಿದ್ದ ರಾತ್ರಿ ಅದು.
ಅವರು ಕಿಟಕಿಯಾಚೆ ನೋಡಿದರು, ನನ್ನನ್ನು ನೋಡಿದರು,
ಒಂದು ದಿನದ ಸಂಬಳ ಹಿಡಿದರು.

ಖಾಲಿ ಕುರ್ಚಿ ತಳ್ಳಿಕೊಂಡು ಸೇತುವೆಯಿಂದ ಹೊರಬಂದ ಗದಿಸೆ
ಉಸಿರೂ ಬಿಡದೆ ಕೇಳಿದ್ದು ಒಂದೇ:
"ಎಷ್ಟಾಯಿತು?"
ನನಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು.
"ನೀನು ಹೊರಟದ್ದು ನಾನು ನೋಡಲಿಲ್ಲವಲ್ಲ" ಎಂದೆ.
ತಲೆಯಾಡಿಸಿದಳು.
ಬಗ್ಗಿ ಎಡಗಾಲಿಗೆ ಸುತ್ತಿಕೊಂಡ ದಾರ ಬಿಡಿಸಿದಳು.
ಅಷ್ಟರಲ್ಲಿ ಆರನೆಯ ಗೇಟಿನಿಂದ ಕರೆ ಬಂತು,
ಗಡಿಬಿಡಿಯೇನಿಲ್ಲವಂತೆ.
ನಡೆದೇ ಹೋದಳು.