ದಿನಾಂಕ, ಸಮಯ, ಸದ್ದು

ಮಂಡಳಿ ಆಫೀಸಿನ ಗುಮಾಸ್ತ ಹೇಳಿದ:
ಬಾಯಿಮಾತು ನಡೆಯಲ್ಲಮ್ಮ, ಬರೆದು ತಾ.

ಮೆಗ್ಗಾನಿನಲ್ಲಿ ರಾತ್ರಿಯೆಲ್ಲ ನೆಲ ಒರೆಸಿ ಬಂದು
ಗೋಪಾಳದ ಈ ಎರಡೂವರೆ ಚದರದಲ್ಲಿ
ಕಣ್ಣು ಮುಚ್ಚುವ ಬದಲು ಬರೆದೆ,
ಮಗಳ ಹಳೆಯ ಭೂಗೋಳದ ನೋಟ್‌ಬುಕ್ಕಿನಲ್ಲಿ:

ಸೋಮವಾರ, ಒಂಬತ್ತು ಹತ್ತು. ಮೇಲ್ಮನೆ ಹಾಲೇಶನ ಬೈಕು. ಸೈಲೆನ್ಸರ್ ಇಲ್ಲ.
ಮಂಗಳವಾರ. ಸ್ಪೀಕರು. ಗೂಡಿನ ತಟ್ಟೆಗಳೂ ಕುಣಿದವು.
ಬುಧವಾರ. ಮೆಟ್ಟಿಲ ಮೇಲೆ ಗುಟ್ಕಾ ಉಗುಳು, ಇನ್ನೂ ಹಸಿ.
ಗುರುವಾರ ಏನೂ ಇಲ್ಲ.
ಏನೂ ಇಲ್ಲದ್ದಕ್ಕೇ ಎಚ್ಚರವಾಗಿ
ಸೂರು ನೋಡುತ್ತ ಬಿದ್ದುಕೊಂಡಿದ್ದೆ,
ನೆಂಟರ ದಾರಿ ಕಾಯುವವಳ ಹಾಗೆ.

ಒಯ್ದು ಕೊಟ್ಟರೆ ಗುಮಾಸ್ತ ನಕ್ಕ.
ಟೇಬಲ್ಲಿನ ಮೇಲೆ ಹಾಲೇಶನ ಅರ್ಜಿ, ನನಗಿಂತ ವಾರ ಮೊದಲೇ ಬಂದದ್ದು:
‘ಕೆಳಮನೆಯವರು ಬೆಳಗ್ಗೆ ಏಳಕ್ಕೆ ಬಂದು
ದರದರ ಬಕೆಟ್ ಎಳೆಯುತ್ತಾರೆ, ಕುಕ್ಕರ್ ಐದು ಸಲ ಕೂಗಿಸುತ್ತಾರೆ.
ನನ್ನದು ಮೀನು ಲಾರಿ ಡ್ಯೂಟಿ, ಮಲಗುವುದೇ ನಾಲ್ಕಕ್ಕೆ.
ಒಮ್ಮೆ ಎದ್ದರೆ ಮತ್ತೆ ನಿದ್ದೆ ಎಲ್ಲಿ ಸ್ವಾಮಿ.’

ಐದಲ್ಲ, ನಾಲ್ಕು, ಅಂದೆ.

ಅವನು ಎರಡನ್ನೂ ಒಂದೇ ಫೈಲಿಗೆ ಹಾಕಿ
ದಾರ ಬಿಗಿದು ಬೀರುವಿನೊಳಗೆ ತಳ್ಳಿದ.
ಅಲ್ಲೂ ಹಾಲೇಶ ಮೇಲೆ, ನಾನು ಕೆಳಗೆ.